ಕಿತ್ತುಹೋದ ಹಲಗೆಯ ಜಾಗ

ಫೋಟೋದಲ್ಲಿ ಇಲ್ಲದ್ದು ಮಾದರಿಯಲ್ಲೂ ಇರಕೂಡದು. ನಿಯಮ ಮಾಡಿದವನು ನಾನೇ. ಜಾಲಹಳ್ಳಿಯ ನಮ್ಮ ಹವ್ಯಾಸಿ ಗುಂಪು ಸ್ಪರ್ಧೆಯೊಂದಕ್ಕೆ, ಹಳೆಯ ಫೋಟೋ ಒಂದನ್ನು ನೋಡಿಕೊಂಡು, ಹಳ್ಳಿ ರೈಲು ನಿಲ್ದಾಣದ ಮರದ ಪ್ಲಾಟ್‌ಫಾರಂನ ಪುಟ್ಟ ಮಾದರಿ ಕಟ್ಟುತ್ತಿತ್ತು. ಗಿರೀಶ ಅದರ ಮೇಲೊಂದು ಟೀ ಅಂಗಡಿ ಇಟ್ಟ. ಶೆಟ್ಟರು ತಮ್ಮ ಮನೆಯ ನಾಯಿಯನ್ನೇ ಪುಟ್ಟದಾಗಿ ಕೆತ್ತಿ ಮಲಗಿಸಿದರು. ಫೋಟೋದಲ್ಲಿ ಒಂದು ಹಲಗೆ ಕಿತ್ತುಹೋಗಿತ್ತು. ಆ ಖಾಲಿ ಜಾಗ ನನ್ನ ಕಣ್ಣಿಗೆ ಚುಚ್ಚುತ್ತಿತ್ತು, ಹೊಸ ಹಲಗೆ ಅಂಟಿಸಿಬಿಟ್ಟೆ.

ಸ್ಪರ್ಧೆಯ ಬೆಳಿಗ್ಗೆ, ಬಣ್ಣದ ಕೆಲಸ ವಹಿಸಿಕೊಂಡಿದ್ದ ರಜಿಯಾ ಮೇಡಂ ಫೋಟೋ ಹಿಡಿದು ನೋಡಿ, ಅಂಗಡಿಯನ್ನೂ ನಾಯಿಯನ್ನೂ ಎತ್ತಿಟ್ಟರು.

"ಹಲಗೆ ಇರ್ಲಿ ಮೇಡಂ," ಅಂದೆ. "ಇಲ್ದಿದ್ರೆ ನಾವೇ ಮರೆತ್ವಿ ಅಂತ ತೀರ್ಪುಗಾರರು ಅಂದ್ಕೋತಾರೆ. ಬಹುಮಾನ ಹೋಗುತ್ತೆ."

"ಹೋದ್ರೆ ಹೋಗ್ಲಿ ಸಾರ್. ಆ ಸಂದಿ ದಾಟ್ಕೊಂಡೇ ಅಲ್ವಾ ಆ ಊರಿನೋರು ರೈಲು ಹತ್ತಿದ್ದು," ಎಂದವರೇ ಬ್ಲೇಡು ತೂರಿಸಿ ನನ್ನ ಹಲಗೆಯನ್ನು ಎಬ್ಬಿಸಿದರು.