ಬೆನ್ನೆತ್ತಿ ತೀಡಿದ ಕತ್ತಿ

ಮಚ್ಚು, ಕುಡುಗೋಲು, ಈಳಿಗೆಮಣೆ ಯಾವುದನ್ನು ಕೊಟ್ಟರೂ ಮಸೆದು ಕೊಡುತ್ತಿದ್ದೆ. ತಿಲಕ್ ನಗರದ ನಮ್ಮ ವಠಾರದಲ್ಲಿ ಹಬ್ಬದ ಹಿಂದಿನ ದಿನ ಹೆಂಗಸರು ತಮ್ಮ ಮನೆಯ ಮಚ್ಚು ತಂದು ನನ್ನ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು. ಹಾಗಾಗಿ ನಮ್ಮನೆಯವರ ಕ್ಷೌರದ ಕತ್ತಿ ಕೈಗೆ ಬಂದಾಗ ನನಗೆ ಭಯವಾಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು.

ಅವರದು ಒಂದೇ ಕುರ್ಚಿಯ ಕ್ಷೌರದಂಗಡಿ, ವಠಾರದ ಎದುರಿಗೇ. ತೊಂಬತ್ತರ ದಶಕ ಅರ್ಧ ಕಳೆದಿತ್ತು. ಅರ್ಧ ಬ್ಲೇಡು ಸಿಕ್ಕಿಸುವ ಹಿಡಿ ಎಲ್ಲ ಅಂಗಡಿಗೂ ಬಂದಿತ್ತು. ರೋಗದ ಹೆದರಿಕೆಯಿಂದ ಗಿರಾಕಿಗಳೇ ಹೊಸ ಬ್ಲೇಡ್ ಹಾಕು ಎನ್ನುತ್ತಿದ್ದರು, ಇವರೂ ಹಾಕುತ್ತಿದ್ದರು. ಆದರೆ ಹಳಬರು ಐದಾರು ಜನ, ಉದ್ದ ಕತ್ತಿಯೇ ಬೇಕು ಎನ್ನುವವರು. ನಮ್ಮ ಮಾವ ಇಟ್ಟುಕೊಂಡಿದ್ದ ಕತ್ತಿ ಅದು. ಆ ಹಳಬರಲ್ಲಿ ಜಯನಗರದ ಒಬ್ಬ ರಿಟೈರ್ಡ್ ಮೇಷ್ಟ್ರು ದಿನ ಬಿಟ್ಟು ದಿನ ಬರುತ್ತಿದ್ದರು. ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ, “ನಿನ್ನ ಕೈ ಬಿದ್ರೆ ನಿದ್ದೆ ಬರುತ್ತಪ್ಪ” ಎನ್ನುತ್ತಿದ್ದರು. ಆ ಒಂದು ಮಾತನ್ನು ಇವರು ಮನೆಗೆ ಬಂದು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

ಆ ವರ್ಷ ಇವರ ಬಲಭುಜ ಹಿಡಿದುಕೊಂಡಿತು. ಗಡ್ಡ ಹೆರೆಯುವುದಕ್ಕೆ ತೊಂದರೆಯಿಲ್ಲ, ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ತೀಡುವುದಕ್ಕೆ ಆಗುತ್ತಿರಲಿಲ್ಲ. ಎಳೆದೆಳೆದು ತೀಡಿದರೆ ಭುಜದಲ್ಲಿ ಚಳುಕು. “ಕೊಡ್ರಿ ಇಲ್ಲಿ, ನಾನು ತೀಡ್ತೀನಿ” ಅಂದೆ. ಪಟ್ಟಿಯನ್ನು ಅಡುಗೆಮನೆಯ ಕಿಟಕಿ ಸರಳಿಗೆ ಸಿಕ್ಕಿಸಿಕೊಟ್ಟರು.

“ಕತ್ತಿ ಬಾಯಿ ಮುಂದೆ ಮಾಡಿ ತಳ್ಬೇಡ, ಪಟ್ಟಿ ಕುಯ್ದುಹೋಗತ್ತೆ. ಬೆನ್ನು ಮುಂದೆ ಹೋಗ್ಬೇಕು. ಕತ್ತಿ ಮಲಗಿರ್ಬೇಕು. ಭಾರ ಹಾಕ್ಬೇಡ.”

“ಆಯ್ತು ಹೋಗ್ರಿ, ಸಾರು ಉಕ್ತಾ ಇದೆ” ಅಂದೆ. ಬೆನ್ನು ಮುಂದೆ ಅನ್ನುವುದೊಂದು ತಲೆಯಲ್ಲಿ ಉಳಿಯಿತು. ಮಿಕ್ಕಿದ್ದು ಸಾರಿನ ಜೊತೆ ಹೋಯಿತು.

ಮಚ್ಚನ್ನು ಕಲ್ಲಿನ ಮೇಲೆ ಮಸೆಯುವಾಗ ಬೆನ್ನು ಸ್ವಲ್ಪ ಎತ್ತಿ, ಬಾಯಿ ಊರಿ, ಭಾರ ಹಾಕಬೇಕು. ನನ್ನ ಕೈಗೆ ಗೊತ್ತಿದ್ದದ್ದು ಅದೊಂದೇ. ಇದನ್ನೂ ಹಾಗೇ ಬೆನ್ನೆತ್ತಿ ಒತ್ತಿದೆ. ಇವರು ಮೂವತ್ತು ಸಲ ತೀಡಿದರೆ ನಾನು ನೂರು. ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿಯಬೇಕು, ನಾನು ಒಂದು ಕಣ್ಣು ಒಲೆಯ ಮೇಲಿಟ್ಟು ಸಡಿಲ ಬಿಟ್ಟೆ. ಪಟ್ಟಿಯ ತುದಿಗೆ ಬಂದಾಗ ಕತ್ತಿಯನ್ನು ಬೆನ್ನಿನ ಮೇಲೆ ಹೊರಳಿಸಬೇಕು, ನಾನು ಬಾಯಿಯ ಮೇಲೆ ಹೊರಳಿಸಿದೆ.

ಎರಡು ವಾರಕ್ಕೆ ಮೇಷ್ಟ್ರು ಕಣ್ಣು ಬಿಟ್ಟರಂತೆ. “ಏನಪ್ಪ, ಕೂದಲು ಕೀಳ್ತಾ ಇದೀಯ?” ಇವರು ನಕ್ಕು ಇನ್ನಷ್ಟು ಸೋಪು ಹಚ್ಚಿದರು. ಅದರ ಮುಂದಿನ ಸಲ ದವಡೆಯ ಕೆಳಗೆ ಕೊಯ್ದೇಬಿಟ್ಟಿತು. ಪಟಿಕದ ಕಲ್ಲು ಒತ್ತಿದರೂ ರಕ್ತ ನಿಲ್ಲಲಿಲ್ಲ, ಬಿಳಿ ಜುಬ್ಬದ ಕೊರಳಪಟ್ಟಿಗೆ ಇಳಿಯಿತು. ಮೇಷ್ಟ್ರು ಬೈಯಲಿಲ್ಲ. “ವಯಸ್ಸಾಯ್ತು ನಿಂಗೂ” ಅಂದು ಎದ್ದು ಹೋದರು. ಆಮೇಲೆ ಬರಲಿಲ್ಲ.

ಇವರು ಮನೆಗೆ ಬಂದು ಊಟಕ್ಕೆ ಕೂತವರು ಅನ್ನ ಕಲಸದೆ ತಮ್ಮ ಕೈ ನೋಡಿಕೊಳ್ಳುತ್ತಿದ್ದರು.

“ಕೈ ಹೋಯ್ತು ಕಣೆ.”

“ಭುಜ ತಾನೆ ನೋವು? ಕೈಗೇನಾಗಿದೆ?”

“ನಿಂಗೆ ಗೊತ್ತಾಗಲ್ಲ ಬಿಡು. ನಡುಗ್ತಾ ಇರ್ಬೇಕು, ನಂಗೇ ಕಾಣ್ತಾ ಇಲ್ಲ.”

ಬೆಳಿಗ್ಗೆ ಎದ್ದು ಲೋಟದ ಕಂಠದವರೆಗೆ ನೀರು ತುಂಬಿ, ಕೈ ಚಾಚಿ ಹಿಡಿದು ನೋಡುವುದು ಶುರುವಾಯಿತು. ನೀರು ತುಳುಕುತ್ತಿರಲಿಲ್ಲ. ಆದರೂ ನಂಬಿಕೆಯಿಲ್ಲ. ವಠಾರಕ್ಕೆಲ್ಲ ಮಸೆದುಕೊಡುವವಳು ನಾನು, ಕತ್ತಿಯ ಮೇಲೆ ಇವರಿಗೆ ಅನುಮಾನವೇ ಬರಲಿಲ್ಲ. ಮಿಕ್ಕ ಹಳಬರಿಗೆ ಇವರೇ “ಬೇರೆ ಕಡೆ ನೋಡ್ಕೊಳ್ಳಿ ಸಾರ್” ಎಂದರು. ಅಂಗಡಿಯನ್ನೇ ಮುಚ್ಚುವ ಮಾತೂ ಒಂದೆರಡು ಸಲ ಬಂತು. ನಾನು ಮಾತ್ರ ದಿನಾ ನೂರು ಸಲ ತೀಡುತ್ತಲೇ ಇದ್ದೆ, ಪಾಪ ಕೈ ಸೋತಿದೆ, ಕತ್ತಿಯಾದರೂ ಹರಿತ ಇರಲಿ ಎಂದು.

ಪುಟ್ಟೇನಹಳ್ಳಿಯಿಂದ ಭಾವ ಬಂದರು, ಇವರ ಅಣ್ಣ. ಅವರದೂ ಇದೇ ಕಸುಬು. ಇವರು ಅಂಗಡಿಯಲ್ಲಿದ್ದರು, ಭಾವ ಅಲ್ಲಿ ಮಾತಾಡಿಸಿಕೊಂಡೇ ಮನೆಗೆ ಬಂದಿದ್ದರು. ಭಾವ ಕಾಫಿ ಕುಡಿಯುತ್ತ ಕಿಟಕಿಯ ಪಟ್ಟಿ ನೋಡಿದರು, ಎದ್ದು ಹೋಗಿ ಮುಟ್ಟಿದರು. ಎರಡೂ ತುದಿಯಲ್ಲಿ ಸಣ್ಣ ಸಣ್ಣ ಗೀರು. ಕತ್ತಿ ಬಿಚ್ಚಿ, ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆದು, ಬೆಳಕಿಗೆ ಹಿಡಿದರು.

“ಬಾಯಿ ಮಡಚ್ಕೊಂಡಿದೆಯಲ್ಲಮ್ಮ. ಯಾವ ಕಟುಕ ತೀಡ್ದ ಇದನ್ನ?”

“ನಾನೇ.”

“ಹಂಗಾದ್ರೆ ಅವನು ಕೈ ಹೋಯ್ತು ಅಂತ ಅಳ್ತಿರೋದು ಇದಕ್ಕೇನಾ?”

ಭಾವ ಕಾಫಿ ಮುಗಿಸಿ, “ನೀನು ಹೇಳ್ತೀಯೋ, ನಾನು ಹೇಳ್ಲೋ?” ಅಂದರು. “ನಾನೇ ಹೇಳ್ತೀನಿ” ಎಂದೆ. ಹೇಳುವುದಕ್ಕೆ ನಾಲ್ಕು ದಿನ ತೆಗೆದುಕೊಂಡೆ. ಭಯಕ್ಕಲ್ಲ, ವಠಾರಕ್ಕೆಲ್ಲ ಮಸೆದುಕೊಡುವವಳು ನಾನು ಎಂಬ ಜಂಬಕ್ಕೆ. ಆ ನಾಲ್ಕು ದಿನವೂ ಅವರು ನೀರಿನ ಲೋಟ ಹಿಡಿದದ್ದನ್ನು ನೋಡಿಕೊಂಡು ಒಲೆ ಹಚ್ಚಿದೆ. ನನ್ನ ತಪ್ಪುಗಳಲ್ಲಿ ಅದೇ ದೊಡ್ಡದು, ಕತ್ತಿ ಕೆಡಿಸಿದ್ದಲ್ಲ.

ಐದನೆಯ ದಿನ ಪಟ್ಟಿ ಬಿಚ್ಚಿ ಅವರ ಮುಂದೆ ಹಾಕಿದೆ. “ನಿಮ್ಮ ಕೈ ಸರಿಯಾಗಿದೆ. ಕತ್ತಿ ಕೆಡಿಸಿದ್ದು ನಾನು.” ಗೀರುಗಳ ಮೇಲೆ ಬೆರಳಾಡಿಸಿದರು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಬೈಯಲಿಲ್ಲ. ನೋಯುವ ಭುಜದಲ್ಲೇ ಕತ್ತಿಯನ್ನು ಸಾಣೆಕಲ್ಲಿಗೆ ಕೊಟ್ಟು, ಪಟ್ಟಿಯ ನಡುಭಾಗದಲ್ಲಿ ತೀಡಿ, ತಮ್ಮ ಗಡ್ಡವನ್ನೇ ಹೆರೆದುಕೊಂಡರು. ಒಂದು ಗೀರೂ ಬೀಳಲಿಲ್ಲ.

ನಾನು ಮೇಷ್ಟ್ರ ಮನೆಗೆ ನಡೆದುಹೋದೆ. ಗೇಟಿನಲ್ಲೇ ನಿಂತು ಹೇಳಿದೆ, “ಸಾರ್, ಅವತ್ತು ಕೊಯ್ದಿದ್ದು ಅವರ ಕೈಯಲ್ಲ, ನಾನು ತೀಡಿದ್ದು ಕೆಟ್ಟಿತ್ತು.” ಅವರು ಕುತ್ತಿಗೆ ಮುಟ್ಟಿಕೊಂಡು ನಕ್ಕರು. “ಹೆಂಡ್ತಿ ಕೈಗೆ ಕತ್ತಿ ಕೊಟ್ಟಿದ್ನಾ? ಧೈರ್ಯವಂತ. ಬರ್ತೀನಿ ಹೋಗಮ್ಮ.”

ಬುಧವಾರ ಬಂದರು. ನಾನು ಅಂಗಡಿಯ ಬಾಗಿಲಲ್ಲಿ ಸೊಪ್ಪು ಬಿಡಿಸುವ ನೆಪದಲ್ಲಿ ಕೂತಿದ್ದೆ. ಇವರು ಸೋಪು ಹಚ್ಚಿ ಕತ್ತಿ ಬಿಚ್ಚಿದರು. ಮೇಷ್ಟ್ರು ಕಣ್ಣು ಮುಚ್ಚಲಿಲ್ಲ. ಕನ್ನಡಿಯಲ್ಲಿ ಕತ್ತಿಯನ್ನೇ ನೋಡುತ್ತಿದ್ದರು.

“ಇವತ್ತು ಬ್ಲೇಡೇ ಹಾಕ್ಬಿಡಪ್ಪ.”

ಇವರು “ಆಯ್ತು ಸಾರ್” ಎಂದು ಕತ್ತಿ ಮಡಚಿಟ್ಟು, ಬ್ಲೇಡು ಮುರಿದು ಹಿಡಿಗೆ ಸಿಕ್ಕಿಸಿದರು. ಕೈ ಸ್ವಲ್ಪವೂ ನಡುಗಲಿಲ್ಲ, ನಾನು ಅದನ್ನೇ ನೋಡುತ್ತಿದ್ದೆ. ಮೇಷ್ಟ್ರು ಕೊನೆಯವರೆಗೂ ಇವರ ಹತ್ತಿರವೇ ಬಂದರು, ಬ್ಲೇಡಿಗೆ.

ಆ ಬುಧವಾರದ ಮಾರನೆಯ ಬೆಳಿಗ್ಗೆ ನಾನು ಕಾಫಿ ಕೊಟ್ಟೆ. ಇವರು ಕುಡಿಯದೆ ಲೋಟವನ್ನು ಮುಂದಕ್ಕೆ ಚಾಚಿ ಹಿಡಿದರು.

“ಕುಡೀರಿ, ಆರೋಗತ್ತೆ. ಕೈ ಸರಿಯಾಗಿದೆ ಅಂತ ಗೊತ್ತಾಯ್ತಲ್ಲ.”

“ಗೊತ್ತಾಯ್ತು” ಎಂದರು. ಕುಡಿದರು. ಮರುದಿನ ಮತ್ತೆ ಚಾಚಿ ನೋಡಿದರು.