ಬೆಂಗಾಲ್ ಬೆಕ್ಕನ್ನು ಹೊರಗೆ ಬಿಟ್ಟದ್ದು

ಬೆಕ್ಕು ಬೇಕಾದರೆ ಅರ್ಜಿ ಹಾಕಬೇಕು ಅಂತ ನನಗೆ ಗೊತ್ತಾದದ್ದು ನಲವತ್ತಾರನೆಯ ವಯಸ್ಸಿನಲ್ಲಿ. ನಮ್ಮ ಮಲ್ಪೆ ಕಡೆ ಬೆಕ್ಕನ್ನು ಯಾರೂ ತರುವುದಿಲ್ಲ, ಅದೇ ಬರುತ್ತದೆ. ಅಮ್ಮ ಹಿತ್ತಲಲ್ಲಿ ಮೀನು ಕೊಯ್ಯಲು ಕೂತರೆ ಎಲ್ಲಿಂದಲೋ ನಾಲ್ಕು ಬಂದು ಸುತ್ತ ಕೂರುತ್ತವೆ, ತಲೆಯೋ ಬಾಲವೋ ಸಿಕ್ಕಿದ್ದನ್ನು ತಿಂದು ಹೋಗುತ್ತವೆ. ಆಮೇಲೆ ಎಲ್ಲಿರುತ್ತವೆ ಅಂತ ಯಾರೂ ಕೇಳುವುದಿಲ್ಲ. ಹಾಗಿರುವಾಗ, ನಾರ್ತ್ ಕೆರೊಲಿನಾದಲ್ಲಿ ಒಬ್ಬ ಹೆಂಗಸು ಬೆಂಗಾಲ್ ಜಾತಿಯ ಬೆಕ್ಕಿನ ಮರಿಗಳನ್ನು ಬೆಳೆಸಿ ಕೊಡುತ್ತಾಳೆ, ಅವಳ ಪಟ್ಟಿಯಲ್ಲಿ ಹೆಸರು ಬರೆಸಿ ಏಳು ತಿಂಗಳು ಕಾಯಬೇಕು, ಅದಕ್ಕೂ ಮೊದಲು ಅವಳು ವಿಡಿಯೊದಲ್ಲಿ ನಮ್ಮನ್ನು ಇಂಟರ್‌ವ್ಯೂ ಮಾಡುತ್ತಾಳೆ ಅಂತ ಮಗಳು ಹೇಳಿದಾಗ ನಾನು ನಕ್ಕುಬಿಟ್ಟೆ. ಮಗಳು ನಗಲಿಲ್ಲ.

ಅವಳಿಗೆ ಆಗ ಹದಿಮೂರು. ಕೊರೊನಾದಿಂದ, ವಾಷಿಂಗ್ಟನ್ ಹತ್ತಿರ ನಾವಿರುವ ಫೇರ್‌ಫ್ಯಾಕ್ಸ್‌ನ ಶಾಲೆಗಳು ಮುಚ್ಚಿದ್ದವು. ಬೆಳಗ್ಗೆ ಕೋಣೆಯ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತವಳು ಊಟಕ್ಕೆ ಕರೆದರೂ ಬರುತ್ತಿರಲಿಲ್ಲ. ಒಂದೇ ಮಗು, ಅಕ್ಕ ತಂಗಿ ಯಾರೂ ಇಲ್ಲ. ಆ ಇಡೀ ವರ್ಷದಲ್ಲಿ ಅವಳು ಬಾಯಿ ಬಿಟ್ಟು ಕೇಳಿದ್ದು ಇದೊಂದನ್ನೇ. ಇಲ್ಲ ಅನ್ನಲು ನನ್ನಿಂದ ಆಗಲಿಲ್ಲ. "ನೀನು ಮನೇಲಿ ಇಲ್ಲದಾಗ ನಾನು ನೋಡಿಕೊಳ್ತೇನೆ" ಅಂತ ಮಾತು ಬೇರೆ ಕೊಟ್ಟೆ.

ಇಂಟರ್‌ವ್ಯೂನಲ್ಲಿ ಆ ಹೆಂಗಸು ಮೊದಲು ಕೇಳಿದ್ದು, ಹಿಂದೆ ಬೆಕ್ಕು ಸಾಕಿದ್ದೀರಾ ಅಂತ. ಹನ್ನೆರಡು ಸಾಕಿದ್ದೇವೆ ಅಂದೆ. ಅವಳ ಮುಖ ಅರಳಿತು. ಏನು ತಿನ್ನಿಸುತ್ತಿದ್ದಿರಿ? ಮೀನಿನ ತಲೆ. ವೆಟ್ ಹತ್ತಿರ ಎಷ್ಟು ಸಲ ಕರೆದುಕೊಂಡು ಹೋಗುತ್ತಿದ್ದಿರಿ? ಒಂದು ಸಲವೂ ಇಲ್ಲ. ಎಲ್ಲಿ ಮಲಗುತ್ತಿದ್ದವು? ಗೊತ್ತಿಲ್ಲ. ನನ್ನ ಗಂಡ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಅವರು ಮೈಸೂರಿನವರು, ಎಲ್ಲಿ ಏನು ಹೇಳಬಾರದು ಅಂತ ಅವರಿಗೆ ಹುಟ್ಟಿನಿಂದಲೇ ಗೊತ್ತು. ಉಳಿದ ಪ್ರಶ್ನೆಗಳಿಗೆಲ್ಲ ಅವರೇ ಉತ್ತರ ಕೊಟ್ಟರು. ನಾವು ಪಾಸಾದೆವು.

ವಸಂತದಲ್ಲಿ ಐದೂವರೆ ಗಂಟೆ ಡ್ರೈವ್ ಮಾಡಿಕೊಂಡು ಹೋಗಿ ಮರಿಯನ್ನು ತಂದೆವು. ಚಿರತೆಯ ಮೈ, ಅಂಗೈಯಗಲದ ಪ್ರಾಣಿ. ಕೊಡುವ ಮೊದಲು ಆ ಹೆಂಗಸು ನಾಲ್ಕು ಪುಟದ ಕರಾರಿಗೆ ಸಹಿ ಹಾಕಿಸಿಕೊಂಡಳು. ಮೂರನೇ ಪುಟದಲ್ಲಿ, ಈ ಬೆಕ್ಕನ್ನು ಯಾವತ್ತೂ ಮನೆಯಿಂದ ಹೊರಗೆ ಬಿಡಬಾರದು ಅಂತ ಇತ್ತು. ಓದಿಯೇ ಸಹಿ ಹಾಕಿದೆ. ಬರುವಾಗ ದಾರಿಯುದ್ದಕ್ಕೂ ಅದು ಕೂಗಿತು. ರಿಚ್ಮಂಡ್ ದಾಟಿದ ಮೇಲಾದರೂ ಸುಸ್ತಾದೀತು ಅಂದುಕೊಂಡೆ. ಆಗಲಿಲ್ಲ.

ಆಮೇಲಿನ ಎರಡು ವರ್ಷವೂ ಆಗಲಿಲ್ಲ. ಅಂಡು ಸುಟ್ಟ ಬೆಕ್ಕಿನ ಹಾಗೆ ಓಡಾಡುವುದು ಅಂತ ನಾವು ಮಕ್ಕಳಿಗೆ ಬೈಯುತ್ತೇವಲ್ಲ, ಸುಡದೆಯೂ ಹಾಗೆಯೇ ಓಡಾಡುವ ಬೆಕ್ಕು ಇದು. ಫ್ರಿಜ್ ಮೇಲೆ, ಅಲ್ಲಿಂದ ಕಪಾಟಿನ ಮೇಲೆ, ಅಲ್ಲಿಂದ ನನ್ನ ಹೆಗಲ ಮೇಲೆ. ನೀರು ಕಂಡರೆ ಬೇರೆ ಬೆಕ್ಕು ಓಡುತ್ತದೆ, ಇದು ಸಿಂಕಿನ ನಲ್ಲಿ ತಿರುಗಿಸುವುದನ್ನು ತಾನೇ ಕಲಿತು ಅದರಡಿ ಕೂತಿತು. ನೆನೆಸಿಟ್ಟ ಅಕ್ಕಿಯಲ್ಲಿ ಕೈ ಅದ್ದಿ ಆಡಿತು. ವಾರದಲ್ಲಿ ಎರಡು ದಿನ ವಾಷಿಂಗ್ಟನ್ನಿನ ಆಫೀಸಿಗೆ ಮೆಟ್ರೊ ಹಿಡಿದು ಹೋದಾಗ ನಾನು ನೆಮ್ಮದಿಯಾಗಿರುತ್ತಿದ್ದೆ. ಉಳಿದ ಮೂರು ದಿನ ಮನೆಯಿಂದಲೇ ಕೆಲಸ. ಗಂಡ ಆಫೀಸಿಗೆ, ಮಗಳು ಮತ್ತೆ ತೆರೆದ ಶಾಲೆಗೆ, ಬೆಕ್ಕು ಮತ್ತು ನಾನು ಮನೆಗೆ.

ಪ್ರೀತಿ ಮಾಡಿಕೊಳ್ಳಲು ನಾನು ನೋಡಲೇ ಇಲ್ಲ ಅಂತ ಯಾರೂ ಹೇಳಬಾರದು. ಇಂಡಿಯನ್ ಸ್ಟೋರಿನ ಫ್ರೀಜರಿನಿಂದ ಬಂಗುಡೆ ತಂದು, ತಲೆಯನ್ನು ಬೇಯಿಸಿ ಮುಳ್ಳು ತೆಗೆದು ತಟ್ಟೆಯಲ್ಲಿ ಇಟ್ಟೆ. ಅದು ಬಂದು ಮೂಸಿತು. ಆಮೇಲೆ ಮುಂಗಾಲಿನಿಂದ ತಟ್ಟೆಯ ಸುತ್ತ ನೆಲವನ್ನು ಕೆರೆಯಿತು, ಕಕ್ಕಸು ಮಾಡಿ ಮಣ್ಣು ಮುಚ್ಚುವಾಗ ಕೆರೆಯುತ್ತವಲ್ಲ, ಹಾಗೆ. ನಾನು ಮಾಡಿದ ಬಂಗುಡೆಗೆ! ಮಗಳು ಬಿದ್ದು ಬಿದ್ದು ನಕ್ಕಳು. ನನಗೆ ಎಷ್ಟು ಅವಮಾನವಾಯಿತು ಅಂದರೆ ಆ ದಿನ ನಾನೂ ಮೀನು ತಿನ್ನಲಿಲ್ಲ.

ಮಗಳಿಗೆ ಹದಿನೈದಾದ ವರ್ಷ ಏಪ್ರಿಲಿನಲ್ಲಿ ಶಾಲೆಯ ತಂಡದ ಜೊತೆ ಸ್ಪರ್ಧೆಗೆಂದು ಅಟ್ಲಾಂಟಾಕ್ಕೆ ಹೋದಳು. ಮೂರು ದಿನ. ಎರಡನೇ ದಿನ ನನಗೆ ಮನೆಯಿಂದಲೇ ವಿಡಿಯೊದಲ್ಲಿ ಆಫೀಸಿನ ದೊಡ್ಡವರ ಮುಂದೆ ಮಾತಾಡುವುದಿತ್ತು, ಎರಡು ತಿಂಗಳ ಕೆಲಸ. ಮನೆಯ ಹಿಂದಿನ ಮರದ ಜಗಲಿ, ಇಲ್ಲಿ ಡೆಕ್ ಅನ್ನುತ್ತಾರೆ, ಅದರ ಕಡೆಯ ಗಾಜಿನ ಬಾಗಿಲ ಹೊರಗೆ ಒಂದು ಅಳಿಲು ಬಂದಿತ್ತು. ಬೆಕ್ಕು ಆ ಗಾಜಿಗೆ ಮೈ ಬಡಿದು ಬಡಿದು ಕೂಗಿತು, ಮನುಷ್ಯರು ಹೆಣದ ಮುಂದೆ ಅಳುವ ಹಾಗೆ. ಕೋಣೆಗೆ ಹಾಕಿ ಬಾಗಿಲು ಮುಚ್ಚಿದರೆ ಹಿಡಿಕೆ ಎಳೆದು ಹೊರಗೆ ಬಂತು. ನಾನು ಮ್ಯೂಟ್ ಮಾಡುವುದು, ತೆಗೆಯುವುದು, ಮಾಡುವುದು. ಕೊನೆಗೆ ಒಬ್ಬರು, ನಿಮ್ಮ ಮಗುವನ್ನು ನೋಡಿಕೊಳ್ಳಬೇಕಾದರೆ ಇನ್ನೊಂದು ದಿನ ಮಾಡೋಣ ಅಂದರು. ಮಗುವಲ್ಲ, ಬೆಕ್ಕು ಅಂದೆ. ಎಲ್ಲರೂ ನಕ್ಕರು. ಮೀಟಿಂಗ್ ಮುಗಿಯಿತು.

ನಾನು ನೇರವಾಗಿ ಹೋಗಿ ಆ ಗಾಜಿನ ಬಾಗಿಲನ್ನು ಸರಿಸಿದೆ. "ಹೋಗು ಮಾರಾಯ, ಹೋಗು" ಅಂದೆ. ಅದು ಬಾಣದ ಹಾಗೆ ಹೊರಗೆ ಓಡಿತು. ಬಾಗಿಲು ಎಳೆದೆ. ಮನೆ ತಣ್ಣಗಾಯಿತು. ಟೀ ಮಾಡಿಕೊಂಡು ಕುಡಿದೆ, ಎಷ್ಟೋ ದಿನದ ಮೇಲೆ ಕೂತು ಕುಡಿದ ಟೀ.

ಸಂಜೆ ಬರುತ್ತದೆ ಅಂದುಕೊಂಡಿದ್ದೆ. ಬೆಕ್ಕುಗಳು ಬರುತ್ತವೆ, ನನ್ನ ಅನುಭವ ಅದು. ಇದು ಬರಲಿಲ್ಲ. ಗಂಡನಿಗೆ ಹೇಳಿದೆ, ಬಾಗಿಲು ತೆಗೆದಾಗ ಓಡಿಹೋಯಿತು ಅಂತ. "ಅವಳಿಗೆ ಈಗ ಹೇಳ್ಬೇಡ, ನಾಳೆ ಫೈನಲ್ಸ್ ಇದೆ. ಬೆಕ್ಕು ತಾನೇ, ಬರುತ್ತೆ ಬಿಡು" ಅಂದರು ಅವರು. ಮಾರನೇ ದಿನ ಡೆಕ್ ಮೇಲೆ ಒಲೆ ಇಟ್ಟು ಮೀನು ಹುರಿದೆ. ಸೌಟಿನಿಂದ ತಟ್ಟೆ ಬಡಿದೆ. ಎದುರು ಮನೆಯ ಬೂದು ಬೆಕ್ಕು ಬಂತು, ಯಾರದೋ ಕಪ್ಪು ಬೆಕ್ಕು ಬಂತು, ಬಡಾವಣೆಯ ಸಂಘದಿಂದ ಮೀನಿನ ವಾಸನೆ ಬಗ್ಗೆ ಈಮೇಲ್ ಬಂತು. ನಮ್ಮದು ಬರಲಿಲ್ಲ. ಮೀನಿಗೆ ಬರುವ ಜಾತಿಯೇ ಅಲ್ಲವಲ್ಲ ಅದು! ಅಷ್ಟಾದರೂ ನನಗೆ ತಿಳಿಯಬೇಕಿತ್ತು.

ಮಗಳು ಬಂದವಳು ಬ್ಯಾಗ್ ಇಳಿಸುವ ಮೊದಲೇ ಬೆಕ್ಕನ್ನು ಕರೆದಳು. ಗಂಡನಿಗೆ ಹೇಳಿದ್ದನ್ನೇ ಅವಳಿಗೂ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ. "ಇಟ್ಸ್ ಓಕೆ ಅಮ್ಮಾ, ಅದು ತುಂಬಾ ಫಾಸ್ಟ್" ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಊಟ ಬಿಟ್ಟು ಫೋಟೊ ಇರುವ ಕಾಗದಗಳನ್ನು ಪ್ರಿಂಟ್ ಮಾಡಿದಳು, ಬೀದಿ ಬೀದಿಯಲ್ಲಿ ಅಂಟಿಸಿದಳು, ಮನೆ ಮನೆಯ ಬಾಗಿಲು ತಟ್ಟಿದಳು. ನಾನೂ ಹಿಂದೆ ಹಿಂದೆ ಟೇಪ್ ಹಿಡಿದುಕೊಂಡು ನಡೆದೆ.

ನಮ್ಮ ಕಡೆ ಏನು ಕಳೆದುಹೋದರೂ ಕೊರಗಜ್ಜನಿಗೆ ಹೇಳಿಕೊಳ್ಳುತ್ತೇವೆ. ಕಳೆದದ್ದನ್ನು ಹುಡುಕಿಕೊಡುವ ದೈವ. ಸಿಕ್ಕಿದರೆ ಹರಕೆಗೆ ಚಕ್ಕುಲಿ, ವೀಳ್ಯ ಇಡುವುದು. ಮಗಳೇ ಊರಿಗೆ ಫೋನ್ ಹಚ್ಚಿ ಅಜ್ಜಿಗೆ ಹೇಳಿದಳು. "ಎಂತಕ್ಕೆ ಹೆದರುದು ಮಗಾ? ಅಜ್ಜನಿಗೆ ನಾನು ಹೇಳ್ತೇನೆ. ನಿನ್ನ ಅಮ್ಮನ ಹತ್ರವೂ ಹೇಳ್ಲಿಕ್ಕೆ ಹೇಳು, ಅವಳ ಕೈಯಿಂದ ಹೋದದ್ದಲ್ವಾ" ಅಂದರು ಅಮ್ಮ. ಮಗಳು ನನ್ನನ್ನು ದೇವರ ಗೂಡಿನ ಮುಂದೆ ನಿಲ್ಲಿಸಿದಳು. ಕೈ ಮುಗಿದೆ. ಅಜ್ಜಾ, ಬೆಕ್ಕು ಕಳೆದುಹೋಗಿದೆ ಅಂತ ಹೇಳಲು ಹೋದರೆ ಬಾಯಿ ಬರಲಿಲ್ಲ. ಕಳೆದದ್ದಾದರೆ ಕೇಳಬಹುದು. ನಾನೇ ಬಾಗಿಲು ತೆಗೆದು ಹೊರಗೆ ಹಾಕಿದ್ದನ್ನು ಹುಡುಕಿಕೊಡು ಅಂತ ಯಾವ ಬಾಯಿಯಿಂದ ಕೇಳುವುದು? ಮುಗಿದ ಕೈ ಇಳಿಸಿ ತಿರುಗಿದೆ. "ಹೇಳಿದ್ಯಾ?" ಅಂತ ಕೇಳಿದಳು. ಹೇಳಿದೆ ಅಂದೆ. ದೇವರ ಮುಂದೆಯೇ ಇನ್ನೊಂದು ಸುಳ್ಳು.

ಮಾರನೇ ದಿನ ಮಧ್ಯಾಹ್ನ ನಾನು ಚಪಾತಿ ಲಟ್ಟಿಸುತ್ತಿದ್ದೆ. ಮಗಳು ಊಟದ ಮೇಜಿನ ಹತ್ತಿರ ಫೋನ್ ನೋಡುತ್ತಿದ್ದಳು. ನಮ್ಮ ಹಿತ್ತಲಿನ ಆಚೆಗಿನ ಮನೆಯ ಮುದುಕರೊಬ್ಬರು, ನಮ್ಮ ಡೆಕ್ ಕಡೆ ಮುಖ ಮಾಡಿದ ತಮ್ಮ ಕ್ಯಾಮೆರಾದಲ್ಲಿ ಸಿಕ್ಕಿದ್ದನ್ನು ಅವಳಿಗೆ ಕಳಿಸಿದ್ದರು, ಪಾಪ, ಸಹಾಯವಾಗಲಿ ಅಂತ. ಅವಳು ಒಮ್ಮೆ ನೋಡಿದಳು. ಮತ್ತೊಮ್ಮೆ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವಳು ಏನೂ ಹೇಳುವ ಮೊದಲೇ ನಾನು ಲಟ್ಟಣಿಗೆ ಕೆಳಗಿಟ್ಟೆ. ಅವಳು ಫೋನನ್ನು ನನ್ನ ಕಡೆ ತಿರುಗಿಸಿದಳು.

ಅದರಲ್ಲಿ ಬೆಕ್ಕು ಬಾಣದ ಹಾಗೆ ಓಡುವುದಿಲ್ಲ. ಬಾಗಿಲು ಸರಿಯುತ್ತದೆ, ಬೆಕ್ಕು ಹೊಸ್ತಿಲ ಮೇಲೆ ನಿಲ್ಲುತ್ತದೆ. ಮೂಗು ಎತ್ತಿ ಗಾಳಿ ಮೂಸುತ್ತದೆ. ಒಂದು ಕಾಲು ಹೊರಗೆ ಇಟ್ಟು ಹಿಂದಕ್ಕೆ ತೆಗೆಯುತ್ತದೆ. ತಿರುಗಿ ಒಳಗೆ ಬರಲು ನೋಡುತ್ತದೆ. ಆಗ ನನ್ನ ಪಾದ ಕಾಣುತ್ತದೆ, ನೀಲಿ ಚಪ್ಪಲಿ ಹಾಕಿದ ಪಾದ. ಅದು ಬೆಕ್ಕಿನ ಹಿಂಭಾಗಕ್ಕೆ ತಾಗಿ ಮೆಲ್ಲಗೆ ಹೊರಗೆ ತಳ್ಳುತ್ತದೆ. ಬಾಗಿಲು ಮುಚ್ಚುತ್ತದೆ. ಬೆಕ್ಕು ತುಂಬಾ ಹೊತ್ತು ಅಲ್ಲೇ ಗಾಜಿನ ಮುಂದೆ ಕೂತಿರುತ್ತದೆ. ನಾನು ಆ ಹೊತ್ತಿನಲ್ಲಿ ಟೀ ಕುಡಿಯುತ್ತಿದ್ದೆ. ಇದು ಯಾವುದೂ ನನ್ನ ನೆನಪಿನಲ್ಲಿ ಇರಲಿಲ್ಲ. ಆಣೆಯಿಟ್ಟು ಹೇಳುತ್ತೇನೆ, ಅದು ಓಡಿಹೋಯಿತು ಅಂತಲೇ ನನ್ನ ನೆನಪಿನಲ್ಲಿತ್ತು.

"ಅಮ್ಮಾ, ಡಿಡ್ ಯು ವಾಂಟ್ ಅದು ವಾಪಸ್ ಬರೋದು?" ಅಂತ ಕೇಳಿದಳು.

ಸುಳ್ಳು ಹೇಳಿ ಹೇಳಿ ನನಗೂ ಸಾಕಾಗಿತ್ತು. "ಆ ಹೊತ್ತಿಗೆ ಬೇಡ ಅಂತಲೇ ಇತ್ತು ಮಗಾ" ಅಂದೆ.

ಅವಳು ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಬಾಗಿಲ ಹೊರಗೆ ನಿಂತು ಮೊದಲು ಕ್ಷಮೆ ಕೇಳಿದೆ, ಆಮೇಲೆ ಸಿಟ್ಟು ಬಂದು ಕೂಗಾಡಿದೆ. ನನ್ನ ಕೆಲಸ ಯಾರಿಗೂ ಕೆಲಸವಲ್ಲವಾ, ಎರಡು ವರ್ಷ ಆ ಕೂಗನ್ನು ಕೇಳಿದವರು ಯಾರು, ಅದರ ಮಣ್ಣಿನ ಪೆಟ್ಟಿಗೆ ತೊಳೆದವರು ಯಾರು ಅಂತ. ಹೇಳಿದ್ದೆಲ್ಲ ನಿಜವೇ.

ಬೆಕ್ಕು ಸಿಕ್ಕಿತು. ಐದನೇ ದಿನ, ಎರಡು ಬೀದಿ ಆಚೆ ಒಬ್ಬರ ಡೆಕ್ಕಿನ ಕೆಳಗೆ. ಮರಿ ಚಿರತೆ ಬಂದಿದೆ ಅಂತ ಹೆದರಿ ಆ ಮನೆಯವರು ಪ್ರಾಣಿ ಹಿಡಿಯುವ ಕೌಂಟಿಯವರಿಗೆ ಫೋನ್ ಮಾಡಿದ್ದರು. ಕೌಂಟಿಯವರು ಅದರ ಕುತ್ತಿಗೆಯ ಚರ್ಮದಡಿಯ ಗುರುತಿನ ಚಿಪ್ ನೋಡಿ ನಮ್ಮನ್ನು ಕರೆದರು. ಒಂದು ಕಿವಿ ಹರಿದಿತ್ತು, ಪಕ್ಕೆಲುಬು ಕಾಣುತ್ತಿತ್ತು. ಊರಿನಲ್ಲಿ ಅಮ್ಮ ಚಕ್ಕುಲಿ ಇಟ್ಟು ಬಂದರು. ಮಗಳು ವಾರದ ಮೇಲೆ ನನ್ನ ಜೊತೆ ಮಾತಾಡಿದಳು, ತಿಂಗಳ ಮೇಲೆ ನಕ್ಕಳು. ಮುಗಿಯಿತು ಅಂದುಕೊಂಡೆ.

ಆಮೇಲೆ ಎರಡು ವರ್ಷ ಆ ಬೆಕ್ಕಿಗೆ ನಾನು ಮಾಡಿದಷ್ಟು ಸೇವೆ ನನ್ನ ಅತ್ತೆಗೂ ಮಾಡಿಲ್ಲ. ಹೇಳಿದ ಹೊತ್ತಿಗೆ ಊಟ, ಹರಿದ ಕಿವಿಗೆ ಔಷಧಿ, ದಿನಕ್ಕೆ ಎರಡು ಸಲ ಗರಿ ಕಟ್ಟಿದ ಕೋಲು ಹಿಡಿದು ಮೆಟ್ಟಿಲು ಹತ್ತಿ ಇಳಿಯುವ ಆಟ. ಮೀಟಿಂಗ್ ನಡುವೆ ಕೂಗಿದರೆ, ಕ್ಷಮಿಸಿ, ನಮ್ಮ ಬೆಕ್ಕು ಅಂತ ನಾನೇ ಮೊದಲು ಹೇಳಿಬಿಡುತ್ತಿದ್ದೆ. ಆಗಲೂ ಅದನ್ನು ಕಂಡರೆ ನನಗೆ ರೇಗುತ್ತಿತ್ತು. ರೇಗುತ್ತಲೇ ಮಾಡಿದೆ.

ಕಳೆದ ವರ್ಷ ಮಗಳಿಗೆ ನಾರ್ತ್ ಕೆರೊಲಿನಾದಲ್ಲಿ ಕಾಲೇಜು ಸಿಕ್ಕಿತು. ಹಾಸ್ಟೆಲಿನಲ್ಲಿ ಬೆಕ್ಕು ಇಟ್ಟುಕೊಳ್ಳುವ ಹಾಗಿಲ್ಲ. ಅದು ನಮ್ಮಲ್ಲೇ ಇರುತ್ತದೆ ಅಂತ ನಾನು ಕೇಳದೆಯೇ ಅಂದುಕೊಂಡಿದ್ದೆ. ಹೊರಡಲು ಒಂದು ವಾರ ಇರುವಾಗ ಅವಳು ಬೆಕ್ಕಿನ ಸಾಮಾನುಗಳನ್ನೆಲ್ಲ ಡಬ್ಬಕ್ಕೆ ತುಂಬುತ್ತಿದ್ದಳು. ಲ್ಯಾನ್‌ಹ್ಯಾಮಿನ ಅವಳ ಗೆಳತಿಯ ಮನೆಯಲ್ಲಿ ಬಿಡುವುದಂತೆ, ವಾಷಿಂಗ್ಟನ್ನಿನ ಆಚೆ ಬದಿಗೆ, ಆ ಗೆಳತಿಯ ಅಮ್ಮ ಒಪ್ಪಿದ್ದಾರಂತೆ. ಎರಡು ತಿಂಗಳಿಂದ ಮಾತಾಡಿ ಇಟ್ಟಿದ್ದಾಳೆ.

"ನಾನು ಇಲ್ವಾ ಇಲ್ಲಿ?" ಅಂದೆ.

ಅವಳು ಡಬ್ಬದ ಮುಚ್ಚಳ ಹಾಕಿದಳು, ನನ್ನ ಪಕ್ಕ ಬಂದು ಕೂತಳು. "ನೀನು ಈಗ ಚೆನ್ನಾಗಿ ನೋಡ್ಕೊಳ್ತೀಯಾ ಅಮ್ಮಾ, ಐ ನೋ ದಟ್" ಅಂದಳು. "ಬಟ್ ಇಲ್ಲಿ ಬಿಟ್ಟು ಹೋದ್ರೆ ಅಲ್ಲಿ ನಂಗೆ ನಿದ್ದೆ ಬರಲ್ಲ. ಐ ಟ್ರೈಡ್. ಸಾರಿ."

ಸಿಟ್ಟಿನಿಂದ ಹೇಳಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ, ನನಗೆ ಅದು ಬರುತ್ತದೆ. ಅವಳು ನನಗೆ ನೋವಾಗದ ಹಾಗೆ, ಪದ ಹುಡುಕಿ ಹುಡುಕಿ ಹೇಳಿದಳು. ನಾನು ಆಯ್ತು ಮಗಾ ಅಂದೆ. ಶನಿವಾರ ಅಪ್ಪ ಮಗಳು ಬೆಕ್ಕನ್ನು ಕಾರಿನಲ್ಲಿ ಇಟ್ಟುಕೊಂಡು ಲ್ಯಾನ್‌ಹ್ಯಾಮಿಗೆ ಹೋದರು. ನನ್ನನ್ನು ಬಾ ಅಂತ ಕರೆಯಲಿಲ್ಲ, ನಾನೂ ಕೇಳಲಿಲ್ಲ.