ಹಲ್ಲಿಲ್ಲದ ತಂಡಕ್ಕೆ ಎರಡು ಊರು

ನಮ್ಮ ಹಾಕಿ ತಂಡ ಮಿಶಿಗನ್‌ಗೆ ಹೊರಟುಹೋಗಬಹುದು ಎಂಬ ಸುದ್ದಿಯನ್ನು ನನಗೆ ಮೊದಲು ಮುಟ್ಟಿಸಿದವರು ನನ್ನ ಗಂಡ. ಆಗ ಅವರ ದನಿಯಲ್ಲಿದ್ದ ಖುಷಿಯನ್ನು ನಾನು ಮಗಳು ಹುಟ್ಟಿದಾಗಲೂ ಕೇಳಿರಲಿಲ್ಲ.

"ನಿನ್ನ ಟೀಮು ರಿಲೊಕೇಟ್ ಆಗುತ್ತಂತೆ ಕಣೇ. ಎಲ್ಲಿಗೆ ಹೇಳು ನೋಡೋಣ."

"ಎಲ್ಲಿಗೆ?"

"ನನ್ನ ಅಪಾರ್ಟ್‌ಮೆಂಟಿಂದ ಹತ್ತೇ ಮೈಲಿ. ಹೈವೇಲಿ ಒಂದೇ ಎಕ್ಸಿಟ್ಟು."

ನಾನು ಹಲ್ಲಿನ ಡಾಕ್ಟರು. ಮೈಸೂರಿನಲ್ಲಿ ಓದಿ, ಇಲ್ಲಿಗೆ ಬಂದು, ಅದನ್ನೇ ಮತ್ತೆ ಓದಿ, ಕೊನೆಗೆ ಶಿಕಾಗೋದ ಹೊರವಲಯದಲ್ಲಿ ಒಂದು ಕ್ಲಿನಿಕ್ ತೆರೆದವಳು. ಮನೆ ಸ್ಕೋಕಿಯಲ್ಲಿ. ಕ್ಲಿನಿಕ್ ಅಲ್ಲಿಂದ ಅರ್ಧ ಗಂಟೆ ಪಶ್ಚಿಮಕ್ಕೆ, ಒಂದು ಪಿಜ್ಜಾ ಅಂಗಡಿಗೂ ನಾಯಿಗಳ ಕ್ಷೌರದಂಗಡಿಗೂ ನಡುವೆ. ಗಂಡ ಕಾರು ಕಂಪನಿಯ ಎಂಜಿನಿಯರು, ವಾರವಿಡೀ ಮಿಶಿಗನ್ನಿನ ಆಬರ್ನ್ ಹಿಲ್ಸ್‌ನಲ್ಲಿರುತ್ತಾರೆ. ಶುಕ್ರವಾರ ಸಂಜೆ ಐದು ಗಂಟೆ ಡ್ರೈವ್ ಮಾಡಿ ಬರುತ್ತಾರೆ, ಭಾನುವಾರ ಹಿಂದಿರುಗುತ್ತಾರೆ. ಅವರ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಮುಂದೆ. ಹಾಗಾಗಿ ಫೋನಿನಲ್ಲಿ ಜಗಳವಾಡಿದರೆ ಅವರಿಗೆ ನಿದ್ದೆ ಬರುವ ಹೊತ್ತಿಗೆ ನನಗಿನ್ನೂ ಹುರುಪು ಏರುತ್ತಿರುತ್ತದೆ.

ಜಗಳದ ವಿಷಯ ಯಾವಾಗಲೂ ಒಂದೇ: ಯಾರು ಯಾರ ಊರಿಗೆ ಹೋಗಬೇಕು. ಮಗಳ ಸ್ಕೂಲ್ ಮುಗಿಯಲಿ ಎಂದು ನಾನು ವರ್ಷಗಟ್ಟಲೆ ತಳ್ಳಿದ್ದೆ. ಅವಳು ಸ್ಕೂಲ್ ಮುಗಿಸಿ ದೂರದ ಕಾಲೇಜಿಗೂ ಹೋದಳು. ನೆಪಕ್ಕೆ ಗತಿಯಿಲ್ಲದಂತಾಯಿತು. ನಮ್ಮವರ ಅಂಗಡಿಗಳಿರುವ ಡೆವನ್ ಅವೆನ್ಯೂನಲ್ಲಿ ನುಗ್ಗೆಕಾಯಿ ಆರಿಸುವಾಗ ಸಿಗುವ ಆಂಟಿಯರು ನನ್ನ ಬುಟ್ಟಿಯೊಳಗೆ ಇಣುಕಿ, "ಒಬ್ಬರಿಗೇನಾ ಇಷ್ಟು ಕಮ್ಮಿ? ಇನ್ನೂ ಅವರು ಅಲ್ಲಿ, ನೀನು ಇಲ್ಲೇನಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮರುಕಪಡುತ್ತಿದ್ದರು. ಅಂಥ ಕಷ್ಟಕಾಲದಲ್ಲಿ ಹೊಸ ನೆಪವಾಗಿ ನನ್ನ ಕೈಹಿಡಿದದ್ದು ಹಾಕಿ ತಂಡ.

ನನ್ನ ಕ್ಲಿನಿಕ್ಕಿನ ಎದುರಿಗೇ ತಂಡದ ಐಸ್ ರಿಂಕ್, ಅಂದರೆ ಮಂಜುಗಡ್ಡೆಯ ಆಟದಂಗಳ, ಇದೆ. ಅವರ ಹಳೆಯ ಡೆಂಟಿಸ್ಟ್ ಫ್ಲಾರಿಡಾದ ಬಿಸಿಲಿಗೆ ಓಡಿಹೋದಾಗ, ರಸ್ತೆ ದಾಟಿದರೆ ಸಿಗುವವಳು ಎಂಬ ಒಂದೇ ಅರ್ಹತೆಯ ಮೇಲೆ ಆ ಕೆಲಸ ನನಗೆ ಬಂತು. ಮೈಸೂರಿಗೆ ಫೋನ್ ಮಾಡಿ ಹೇಳಿದರೆ ಅಪ್ಪ, "ಹಾಕಿನಾ? ನಾವು ಗೋಲ್ಡ್ ಮೆಡಲ್ ಹೊಡೀತಿದ್ವಲ್ಲ, ಅದೇ ತಾನೇ?" ಎಂದು ಹೆಮ್ಮೆಪಟ್ಟರು. ಅದಲ್ಲ, ಇದು ಮಂಜುಗಡ್ಡೆಯ ಮೇಲೆ ಕತ್ತಿಯಂಥ ಬೂಟು ಹಾಕಿಕೊಂಡು ಆಡುವುದು, ನಡುನಡುವೆ ಆಟ ನಿಲ್ಲಿಸಿ ಹೊಡೆದಾಡುವುದು ಎಂದೆ. "ಹೊಡೆದಾಡಿದ್ರೆ ಪೊಲೀಸ್ರು ಬರಲ್ವಾ?" ಎಂದರು. ಇಲ್ಲಪ್ಪ, ಐದು ನಿಮಿಷ ಒಂದು ಪೆಟ್ಟಿಗೆಯಲ್ಲಿ ಕೂರಿಸುತ್ತಾರೆ ಎಂದೆ. ಅಪ್ಪ ಅಮ್ಮನಿಗೆ ಫೋನ್ ಕೊಟ್ಟುಬಿಟ್ಟರು.

ನಮ್ಮದು ತೀರ ಕೆಳಗಿನ ಲೀಗಿನ ತಂಡ. ಮೇಲೆ ಹೋಗಬೇಕೆಂದಿರುವ ಹುಡುಗರೂ ಮೇಲಿಂದ ಜಾರಿ ಬಿದ್ದ ಗಂಡಸರೂ ಒಂದೇ ಬಸ್ಸಿನಲ್ಲಿ ಕೂತು ಊರೂರು ಸುತ್ತುತ್ತಾರೆ. ನಾನು ಡ್ಯೂಟಿಗೆ ಹೋದ ಮೊದಲ ದಿನವೇ ಒಬ್ಬ ತನ್ನ ಮುಂದಿನ ಹಲ್ಲನ್ನು ಗ್ಲೌಸಿನಲ್ಲಿ ಹಿಡಿದುಕೊಂಡು ಬಂದ. ಕಿತ್ತುಬಂದ ಹಲ್ಲು ಒಣಗಬಾರದು, ಹಾಲಿನಲ್ಲಿ ಹಾಕಿ ಎಂದೆ. ಒಬ್ಬ ಓಡಿಹೋಗಿ ತಂದದ್ದು ಚಾಕಲೇಟ್ ಹಾಲು, ಅಲ್ಲಿ ಮಾರುತ್ತಿದ್ದುದು ಅದೊಂದೇ. ಅದರಲ್ಲೇ ಅದ್ದಿ ತೆಗೆದು, ತೊಳೆದು, ಮತ್ತೆ ಕೂರಿಸಿದೆ. ಹಲ್ಲು ಕಚ್ಚಿಕೊಂಡಿತು. ಆವತ್ತಿನಿಂದ ಇಡೀ ತಂಡಕ್ಕೆ ನನ್ನ ಮೇಲೆ ಭಕ್ತಿ. ಮ್ಯಾಚಿನ ನಡುವೆ ವಾಲ್ರಸ್ ಎಂಬ ಕಡಲಪ್ರಾಣಿಯ ವೇಷ ಹಾಕಿ ಮಕ್ಕಳನ್ನು ನಗಿಸುವವನೊಬ್ಬನಿದ್ದ. ಅವನ ವೇಷದ ಕೋರೆಹಲ್ಲು ಮುರಿದಾಗ ಅದನ್ನೂ ನನ್ನ ಕುರ್ಚಿಯಲ್ಲೇ ಮಲಗಿಸಿ ಅಂಟಿಸಿಕೊಟ್ಟೆ.

ಗಂಡನಿಗೆ ಇದೆಲ್ಲ ತಮಾಷೆ. ಒಮ್ಮೆ ಮ್ಯಾಚಿಗೆ ಕರೆದುಕೊಂಡು ಹೋದರೆ, "ಹೊಡೆದಾಟ ನೋಡೋಕೆ ಟಿಕೆಟ್ಟಾ? ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಲ್ಲಿ ಫ್ರೀಯಾಗಿ ನೋಡ್ತಿದ್ವಿ" ಎಂದು ಜಾಕೆಟ್ಟಿನೊಳಗೆ ಮುಖ ಹುದುಗಿಸಿ ನಿದ್ದೆಹೋದರು. ಅಂಥವರು ಈಗ ದಿನಾ ತಂಡದ ಸುದ್ದಿ ಓದುತ್ತಿದ್ದರು. ನಮ್ಮ ರಿಂಕಿನ ಛಾವಣಿ ಸೋರುತ್ತಿತ್ತು. ಹನಿ ಬಿದ್ದಲ್ಲೆಲ್ಲ ಐಸು ಇಡ್ಲಿಯಂತೆ ಉಬ್ಬಿಕೊಂಡು ಆಟಗಾರರು ಎಡವುತ್ತಿದ್ದರು. ಊರಿನವರು ಛಾವಣಿ ಮಾಡಿಸಿಕೊಡದಿದ್ದರೆ ತಂಡವನ್ನು ಮಿಶಿಗನ್‌ಗೆ ಒಯ್ಯುತ್ತೇನೆ ಎಂದು ಮಾಲೀಕ ಬೆದರಿಸಿದ್ದ. ಅವನು ಈಜುಕೊಳ ಕಟ್ಟಿಸುವ ಕಂಟ್ರಾಕ್ಟರು. ನೀರು ಎಲ್ಲಿ ನಿಲ್ಲಬೇಕು ಎಲ್ಲಿ ನಿಲ್ಲಬಾರದು ಎನ್ನುವುದು ಅವನಿಗೆ ಗೊತ್ತಿತ್ತು.

"ಟೀಮೇ ಬರ್ತಿದೆ, ನಿಂದೇನು ಇನ್ನೂ?" ಎಂದು ಗಂಡ ಬೆಳಿಗ್ಗೆ ಸಂಜೆ ಕೇಳತೊಡಗಿದರು.

ಈ ವಿಷಯಕ್ಕೆ ವಿಲೇಜ್ ಬೋರ್ಡಿನ ಸಭೆ ಕರೆದರು. ಆರು ಲೇನಿನ ರಸ್ತೆ, ಎರಡು ಮಾಲು, ಒಂದು ದೊಡ್ಡಾಸ್ಪತ್ರೆ ಇರುವ ಈ ಊರು ತನ್ನನ್ನು ಹಳ್ಳಿ ಎಂದು ಕರೆದುಕೊಳ್ಳುತ್ತದೆ. ಯಾರು ಬೇಕಾದರೂ ಮಾತಾಡಬಹುದು, ತಲೆಗೆ ಮೂರು ನಿಮಿಷ. ನಾನು ರೇಷ್ಮೆ ಸೀರೆ ಉಟ್ಟುಕೊಂಡೇ ಹೋದೆ. ಮದುವೆಮನೆಯಲ್ಲಿ ಸೀರೆಗೆ ಸಿಗುವ ಮರ್ಯಾದೆ ಸರ್ಕಾರಿ ಕಚೇರಿಯಲ್ಲೂ ಸಿಗುತ್ತದೆ ಎನ್ನುವುದು ನನ್ನ ಅನುಭವ. ಮೊದಲು ಮಾತಾಡಿದ ಮುದುಕರೊಬ್ಬರು, ಮ್ಯಾಚಿನ ದಿನ ತಮ್ಮ ಮನೆಮುಂದೆ ಕಾರು ನಿಲ್ಲಿಸುತ್ತಾರೆ, ತಂಡ ಹಾಳಾಗಿ ಹೋಗಲಿ ಎಂದರು. ಆಮೇಲೆ ನನ್ನ ಸರದಿ. ಈ ಊರಿನ ಮಕ್ಕಳು ಚಳಿಗಾಲದಲ್ಲಿ ಮನೆಯಿಂದ ಹೊರಗೆ ಬರುವುದು ಈ ಆಟಕ್ಕಾಗಿ, ಒಂದು ಛಾವಣಿಗಾಗಿ ಅದನ್ನು ಕಳಿಸಿಕೊಡಬೇಡಿ ಎಂದು ಹೇಳಿದೆ. ಚಪ್ಪಾಳೆಯೂ ಬಂತು. ಗೆದ್ದೆ ಎಂದುಕೊಂಡು ಕೂತೆ.

ಮುಂದೆ ಎದ್ದವನು ತಂಡದ ಕ್ಯಾಪ್ಟನ್. ಮೂವತ್ತೈದು ದಾಟಿದ, ಬಾಗಿಲಿನಷ್ಟು ಅಗಲದ ಮನುಷ್ಯ. ಅವನ ಬಾಯಲ್ಲಿರುವ ಹಲ್ಲುಗಳಲ್ಲಿ ಅರ್ಧ ದೇವರು ಕೊಟ್ಟದ್ದು, ಅರ್ಧ ನಾನು ಕೊಟ್ಟದ್ದು. ಅವನು ನನ್ನ ಕಡೆ ನೋಡಿ, "ಡಾಕ್ಟರ್ ಹೇಳಿದ್ದೆಲ್ಲ ಚೆನ್ನಾಗಿತ್ತು" ಎಂದ. ಆಮೇಲೆ ಬೋರ್ಡಿನ ಕಡೆ ತಿರುಗಿ, "ಆದರೆ ನಾನು ಮಿಶಿಗನ್‌ನವನು. ನನ್ನ ಅಮ್ಮ ಅಲ್ಲಿದ್ದಾಳೆ. ಬಟ್ಟೆ ಒಗೆದುಕೊಡ್ತಾಳೆ. ಹೋದರೂ ನನಗೇನೂ ಬೇಜಾರಿಲ್ಲ" ಎಂದು ಹೇಳಿ ಕೂತುಬಿಟ್ಟ.

ನಾನು ಅವನಿಗೆ ಹಾಕಿದ ಹಲ್ಲುಗಳನ್ನೆಲ್ಲ ಅಲ್ಲೇ ವಾಪಸ್ ಕೇಳಬೇಕು ಅನ್ನಿಸಿತು. ಬೋರ್ಡಿನವರು ತೀರ್ಮಾನವನ್ನು ಮುಂದಿನ ಸಭೆಗೆ ತಳ್ಳಿ ಎದ್ದುಹೋದರು.

ಫೋನಿನಲ್ಲಿ ಇದನ್ನೆಲ್ಲ ಕೇಳಿ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. "ಈ ಸಲ ನಾನು ಬರಲ್ಲ, ನೀನೇ ಬಾ. ಅಲ್ಲಿಯ ರಿಂಕ್ ಹೇಗಿದೆ ಅಂತ ನೋಡಾದ್ರೂ ನೋಡು" ಎಂದರು. ನಿಜ ಹೇಳಬೇಕೆಂದರೆ ಅವರ ಅಪಾರ್ಟ್‌ಮೆಂಟಿಗೆ ನಾನು ಹೋಗಿ ಬಹಳ ಕಾಲವಾಗಿತ್ತು. ಯಾವಾಗಲೂ ಅವರೇ ಬರುತ್ತಿದ್ದರಲ್ಲ. ಶುಕ್ರವಾರ ಕ್ಲಿನಿಕ್ ಬೇಗ ಮುಚ್ಚಿ, ಸಾರಿನ ಡಬ್ಬಿಗಳನ್ನು ಹಿಂದಿನ ಸೀಟಿಗೆ ಬೆಲ್ಟ್ ಹಾಕಿ ಕೂರಿಸಿ ಹೊರಟೆ.

ಶನಿವಾರ ಬೆಳಿಗ್ಗೆ ರಿಂಕ್ ನೋಡಲು ಹೋದೆವು. ಛಾವಣಿ ಸೋರುತ್ತಿರಲಿಲ್ಲ. ಪಾರ್ಕಿಂಗ್ ಜಾಗ ಮೈಸೂರಿನ ದಸರಾ ಮೈದಾನದಷ್ಟಿತ್ತು. ಕಾಫಿ ಕೂಡ ನಮ್ಮ ರಿಂಕಿನದಕ್ಕಿಂತ ಚೆನ್ನಾಗಿತ್ತು. ತಪ್ಪು ಹುಡುಕಲು ಏನೂ ಸಿಗದೆ ನಾನು ಚಡಪಡಿಸುತ್ತಿರುವಾಗ ಗಂಡ ನನ್ನನ್ನು ಪಕ್ಕದ ಕಟ್ಟಡಕ್ಕೆ ಕರೆದೊಯ್ದರು. ಮುಚ್ಚಿಹೋದ ಹಾಸಿಗೆ ಅಂಗಡಿ. ಗಾಜಿಗೆ ಮೂಗು ಒತ್ತಿ ಒಳಗೆ ತೋರಿಸಿದರು.

"ಅಲ್ಲಿ ನಿನ್ನ ಚೇರು. ಆ ಮೂಲೇಲಿ ಎಕ್ಸ್‌ರೇ. ಇಲ್ಲಿ ಪೇಶೆಂಟ್ಸು ಕೂತ್ಕೋತಾರೆ. ಓನರ್ ಹತ್ರ ಬೀಗ ಇಸ್ಕೊಂಡು ಎಲ್ಲಾ ಅಳತೆ ಮಾಡಿದೀನಿ."

ಈ ಮನುಷ್ಯ ಒಂಟಿಯಾಗಿ ಎಷ್ಟು ನರಳುತ್ತಿರಬಹುದು, ನಾನೆಂಥ ಕಟುಕಿ ಎಂದುಕೊಂಡೆ. ಆ ಭಾವನೆ ಮಧ್ಯಾಹ್ನದ ಊಟದವರೆಗೆ ಉಳಿಯಿತು.

ಊಟಕ್ಕೆ ಒಂದು ಡಬ್ಬಿ ಬಿಸಿಗಿಟ್ಟು, ನಾನು ತಂದ ಉಳಿದ ಸಾರನ್ನು ಇಡಲು ಫ್ರೀಜರ್ ತೆಗೆದೆ. ಜಾಗವಿರಲಿಲ್ಲ. ನಾನು ಭಾನುವಾರ ಭಾನುವಾರ ಕಟ್ಟಿಕೊಟ್ಟ ಸಾರು, ಹುಳಿ, ಗೊಜ್ಜಿನ ಡಬ್ಬಿಗಳೆಲ್ಲ ಗೋಡೆ ಕಟ್ಟಿದಂತೆ ಒಂದರ ಮೇಲೊಂದು ಕೂತಿದ್ದವು.

"ಬಿಸಾಡೋಕೆ ಮನಸ್ಸು ಬರ್ಲಿಲ್ಲ," ಎಂದರು ಗಂಡ, ನೆಲ ನೋಡುತ್ತ.

"ಮತ್ತೆ ವಾರವೆಲ್ಲ ಏನು ತಿಂತೀರಿ?"

ಉತ್ತರ ಬಾಗಿಲು ತಟ್ಟಿಕೊಂಡು ಬಂತು. ಎದುರು ಅಪಾರ್ಟ್‌ಮೆಂಟಿನವರು, ಧಾರವಾಡದ ಕಡೆಯ ಎಂಜಿನಿಯರು, ಇವರದೇ ವಯಸ್ಸು. ಅವರ ಹೆಂಡತಿ ಓಹಾಯೊದಲ್ಲಿ ಕೆಲಸಕ್ಕಿದ್ದಾರೆ. ಕೈಯಲ್ಲಿ ಜೋಳದ ರೊಟ್ಟಿಯ ಕಟ್ಟು, ಎಣ್ಣೆಗಾಯಿ ಪಲ್ಯ.

"ಯಾವಾಗ ಬಂದ್ರಿ ವೈನಿ, ಆರಾಮ ಇದ್ದೀರಿ? ಇವತ್ತ ಸಂಜೀಕ ನೀವೂ ಕುಂದರಬೇಕ ನೋಡ್ರಿ ಇಸ್ಪೀಟಿಗೆ. ಇವರು ಭಾಳ ಮೋಸಾ ಮಾಡ್ತಾರ."

ಸಂಜೆಯ ಹೊತ್ತಿಗೆ ಇನ್ನೂ ಇಬ್ಬರು ಬಂದರು. ಮೇಜಿನ ಮೇಲೆ ಚುರುಮುರಿ, ಹಳೆಯ ಹಾಡು, ಜೋರು ನಗು. ಒಬ್ಬರು ಬಂದವರೇ ನನ್ನ ಗಂಡನ ಮಾಮೂಲಿ ಕುರ್ಚಿಯನ್ನು ಅವರಿಗಾಗಿ ಬಿಟ್ಟು ಪಕ್ಕದಲ್ಲಿ ಕೂತರು. ನಾನು ಮನಸ್ಸಿನಲ್ಲಿ ಇಷ್ಟು ವರ್ಷ ಸಾಕಿಕೊಂಡು ಬಂದಿದ್ದ ಒಂಟಿ ಗಂಡ, ಕಿಟಕಿಯ ಪಕ್ಕ ಕೂತು ತಣ್ಣನೆ ಅನ್ನ ತಿನ್ನುವವನು, ಎಲ್ಲೂ ಕಾಣಲಿಲ್ಲ. ಇಲ್ಲಿ ಕೂತಿದ್ದವನು ಎಲೆ ಅಡಗಿಸಿಟ್ಟು ಸಿಕ್ಕಿಬಿದ್ದು ಗಹಗಹಿಸುತ್ತಿದ್ದ, ಸ್ವಲ್ಪ ಹೊಟ್ಟೆ ಬಂದ, ಸುಖಿ ಮನುಷ್ಯ.

ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತ ಕೇಳಿಯೇಬಿಟ್ಟೆ. "ರೀ, ನಿಜ ಹೇಳಿ. ನಾನು ಬಂದು ಇಲ್ಲೇ ಇರ್ಬೇಕು ಅಂತ ನಿಮಗೆ ಆಸೆ ಇದೆಯಾ?"

ಅವರು ಸಕ್ಕರೆ ಹಾಕದ ಕಾಫಿಯನ್ನು ಬಹಳ ಹೊತ್ತು ಕಲಕಿದರು. "ಕೇಳೋದು ಅಭ್ಯಾಸ ಆಗ್ಬಿಟ್ಟಿದೆ ಕಣೇ. ಕೇಳದೇ ಇದ್ರೆ ನಿನಗೆ ಬೇಜಾರಾಗುತ್ತೇನೋ ಅಂತ."

"ಮತ್ತೆ ಆ ಹಾಸಿಗೆ ಅಂಗಡಿ ಅಳತೆ ಮಾಡಿದ್ದು?"

"ಅಳೀತಾ ಇರುವಾಗ್ಲೇ ಭಯ ಆಗಿದ್ದು. ಇವಳು ನಿಜವಾಗ್ಲೂ ಬಂದುಬಿಟ್ರೆ ಏನಪ್ಪಾ ಗತಿ ಅಂತ."

ನನಗೆ ಮೊದಲು ಬಂದದ್ದು ಕೋಪ. ಬರುವುದಿಲ್ಲ ಎನ್ನುವುದು ನನ್ನ ಹಕ್ಕು, ಬರಬೇಡ ಎನ್ನಲು ಇವರ್ಯಾರು? ಎರಡು ನಿಮಿಷ ಆ ಕೋಪವನ್ನು ಚೆನ್ನಾಗಿ ಅನುಭವಿಸಿದೆ. ಆಮೇಲೆ ಸ್ಕೋಕಿಯ ಮನೆ ನೆನಪಾಯಿತು. ವಾರದ ಸಂಜೆಗಳಲ್ಲಿ ಸೋಫಾದ ಮೇಲೆ ಕಾಲು ಚಾಚಿ, ಊಟಕ್ಕೆ ಪಾಪ್‌ಕಾರ್ನ್ ತಿಂದು, ಟಿವಿಯ ರಿಮೋಟನ್ನು ಯಾರಿಗೂ ಕೊಡದೆ ಬದುಕುವ ನನ್ನ ಸಾಮ್ರಾಜ್ಯ. ಇವರು ಭಾನುವಾರ ಹೊರಡದೆ ಸೋಮವಾರ ಬೆಳಿಗ್ಗೆಯೂ ಅಲ್ಲೇ ಉಳಿದರೆ ಹೇಗಿರುತ್ತದೆ ಎಂದು ಯೋಚಿಸಿದೆ. ಬೆನ್ನ ಮೇಲೆ ಐಸು ಇಟ್ಟಂತಾಯಿತು.

"ನನಗೂ ಅದೇ ಭಯ," ಎಂದೆ.

ಇಬ್ಬರೂ ಮುಖ ಮುಖ ನೋಡಿಕೊಂಡು ನಗಲು ಶುರುಮಾಡಿದೆವು. ನಗು ನಿಲ್ಲದೆ ಅವರಿಗೆ ಕಾಫಿ ನೆತ್ತಿಗೇರಿತು. ಮದುವೆಯಾದ ಮೇಲೆ ನಾವಿಬ್ಬರೂ ಒಂದು ವಿಷಯದಲ್ಲಿ ಇಷ್ಟು ಸಂಪೂರ್ಣವಾಗಿ ಒಪ್ಪಿದ್ದು ಇದೇ ಮೊದಲು ಎಂದು ಕಾಣುತ್ತದೆ. ಮಗಳಿಗೆ ಫೋನ್ ಮಾಡಿ ಹೇಳಿದೆವು. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಯು ಗೈಸ್ ಜಸ್ಟ್ ಫಿಗರ್ಡ್ ದಟ್ ಔಟ್?" ಎಂದಳು.

ಬೋರ್ಡಿನವರು ಮುಂದಿನ ಸಭೆಯಲ್ಲಿ ಛಾವಣಿಯ ಖರ್ಚಿನ ಒಂದು ಪಾಲು ಹೊರಲು ಒಪ್ಪಿದರು. ಮಾಲೀಕ ಗೊಣಗುತ್ತ ಉಳಿದದ್ದಕ್ಕೆ ಒಪ್ಪಿದ. ತಂಡ ಸದ್ಯಕ್ಕೆ ಇಲ್ಲೇ ಉಳಿಯಿತು. ನನ್ನ ಭಾಷಣದಿಂದಲ್ಲ. ಮಿಶಿಗನ್‌ನವರು ಬಾಡಿಗೆ ಜಾಸ್ತಿ ಕೇಳಿದರಂತೆ. ಕ್ಯಾಪ್ಟನ್ ಮಾತ್ರ ಆ ವರ್ಷವೇ ಆಟ ಬಿಟ್ಟು ಅಮ್ಮನ ಮನೆಗೆ ಹೋದ. ಹೋಗುವ ಮೊದಲು ಕ್ಲಿನಿಕ್ಕಿಗೆ ಬಂದು, ನಾನು ಕೊಟ್ಟ ಹಲ್ಲುಗಳನ್ನೆಲ್ಲ ಪಾಲಿಶ್ ಮಾಡಿಸಿಕೊಂಡು, ನನ್ನನ್ನು ಎರಡು ಅಡಿ ಮೇಲೆತ್ತಿ ಅಪ್ಪಿಕೊಂಡು ಇಳಿಸಿದ. ಸಭೆಯ ದಿನದ ಸಿಟ್ಟು ಅಲ್ಲಿಗೆ ಹೋಯಿತು.

ಈಗ ಒಂದು ಶುಕ್ರವಾರ ಅವರು ಬರುತ್ತಾರೆ, ಒಂದು ಶುಕ್ರವಾರ ನಾನು ಹೋಗುತ್ತೇನೆ. ಯಾರೂ ಯಾರಿಗೂ "ಬಂದುಬಿಡು" ಎನ್ನುವುದಿಲ್ಲವಾದ್ದರಿಂದ ಮಾತಾಡಲು ಬೇರೆ ವಿಷಯ ಹುಡುಕಬೇಕಾಗಿದೆ. ಹೋದ ಸಲ ಇಸ್ಪೀಟಿನ ನಡುವೆ ಧಾರವಾಡದವರು ಕೆನ್ನೆ ಒತ್ತಿಕೊಂಡು, "ವೈನಿ, ತಪ್ಪ ತಿಳ್ಕೋಬ್ಯಾಡ್ರಿ, ಒಂದ ಹಲ್ಲು ಭಾಳ ಕಾಡಾಕತ್ತೇತಿ, ನೋಡ್ತೀರೇನು?" ಎಂದರು. ಮಿಶಿಗನ್‌ನಲ್ಲಿ ನನಗೆ ಲೈಸೆನ್ಸ್ ಇಲ್ಲ, ನೋಡುತ್ತೇನೆ ಅಷ್ಟೆ, ಮುಟ್ಟುವುದಿಲ್ಲ ಎಂದೆ. ಅವರು ಬಾಯಿ ತೆರೆದರು. ಗಂಡ ಫೋನಿನ ಟಾರ್ಚ್ ಹಿಡಿದು, ಬೆಳಕು ಎತ್ತ ಬೀಳಬೇಕೆಂದು ನನಗೇ ಪಾಠ ಹೇಳತೊಡಗಿದರು. ದವಡೆ ಹಲ್ಲು ಒಳಗಿನಿಂದ ಹುಳುಕಾಗಿತ್ತು, ಸೋಮವಾರವೇ ಇಲ್ಲಿಯ ಡೆಂಟಿಸ್ಟ್ ಹತ್ತಿರ ಹೋಗಿ ಎಂದು ಹೇಳಿದೆ. ಅವರು ಇನ್ನೂ ಹೋಗಿಲ್ಲ. ಲವಂಗ ಇಟ್ಟುಕೊಂಡು ಆಡುತ್ತಿದ್ದಾರೆ.